ಲೆವೆಲ್ಲಪ್ಪನ ಇಳಿಗಾಲ

ಭೂಮಿಯ ಐದು ಪಟ್ಟು ಎಳೆತವಿರುವ ಗ್ರಹದ ಮೇಲೆ ಆಕಾಶನೌಕೆ ಹೂವಿನಂತೆ ಇಳಿಯಿತು. ಅದನ್ನು ಇಳಿಸುತ್ತಿದ್ದ ಲೆವೆಲ್ಲಪ್ಪ ಮಾತ್ರ ನಮ್ಮ ಈ ಹಗುರ ಭೂಮಿಯ ಮೇಲೆಯೇ ಧೊಪ್ಪನೆ ಬಿದ್ದ.

ಆದದ್ದಿಷ್ಟು. ಕಂಪ್ಯೂಟರಿನ ಪರದೆಯಲ್ಲಿ ನೌಕೆ ನೆಲದಿಂದ ಹತ್ತೇ ಮೀಟರು ಮೇಲಿತ್ತು. ಅಂಥ ಗ್ರಹದಲ್ಲಿ ಹೊಟ್ಟೆಯಡಿಯ ಎಂಜಿನ್ನುಗಳು ನೌಕೆಯ ಭಾರ ಹೊರಲಾರದೆ ಏದುಸಿರು ಬಿಡುತ್ತವೆ. ಅವುಗಳ ಕಷ್ಟ ನೋಡಲಾರದೆ ಲೆವೆಲ್ಲಪ್ಪ ತನಗೇ ಗೊತ್ತಿಲ್ಲದಂತೆ ಎರಡೂ ಪಾದಗಳನ್ನು ನೆಲಕ್ಕೊತ್ತಿ, ಬೆನ್ನು ಹಿಂದಕ್ಕೆ ಸೆಟೆದು, ಇಡೀ ಮೈಯಿಂದ ನೌಕೆಯನ್ನು ಮೇಲಕ್ಕೆ ಜಗ್ಗಿದ. ಪ್ಲಾಸ್ಟಿಕ್ ಕುರ್ಚಿಯ ಹಿಂಗಾಲು ಲಟಕ್ಕೆಂದಿತು.

ಒಳಗಿನಿಂದ ಹೆಂಡತಿ ಓಡಿಬಂದಳು. "ಏನ್ರೀ ಅದು ಸದ್ದು?"

"ಇಳಿಸ್ತಾ ಇದ್ದೆ," ಎಂದ ಲೆವೆಲ್ಲಪ್ಪ, ನೆಲದಿಂದಲೇ.

"ಇಳಿದಿದ್ದು ಕಾಣ್ತಾ ಇದೆ. ಈಗ ಎತ್ತೋರು ಯಾರು?"

ಮರುದಿನ ಆಫೀಸಿನಲ್ಲಿ ಸೊಂಟ ಹಿಡಿದುಕೊಂಡು ನಡೆಯುತ್ತಿದ್ದವನನ್ನು ಏನಾಯಿತೆಂದು ಕೇಳಿದರು. ಏಣಿ ಜಾರಿತು ಎಂದ. ಕಂಪನಿಯವರು ಕರುಣಾಳುಗಳು. ಅವನ ಏಣಿಯನ್ನು ಕಿತ್ತುಕೊಂಡು, ಅದಕ್ಕೆ 'ಅಪಾಯ' ಎಂಬ ಚೀಟಿ ಅಂಟಿಸಿ ಮೂಲೆಗೆ ಸೇರಿಸಿದರು. ಹನ್ನೆರಡು ವರ್ಷ ಒಂದು ದಿನವೂ ಜಾರದೆ ದುಡಿದಿದ್ದ ಆ ಏಣಿಯನ್ನು ದಾಟಿ ಹೋಗುವಾಗಲೆಲ್ಲ ಲೆವೆಲ್ಲಪ್ಪನ ಕಣ್ಣು ತಾನಾಗಿ ನೆಲ ನೋಡುತ್ತಿತ್ತು.

ಲೆವೆಲ್ಲಪ್ಪ ಎಂಬುದು ಅಪ್ಪ ಇಟ್ಟ ಹೆಸರಲ್ಲ, ಲಿಫ್ಟ್ ಇಟ್ಟ ಹೆಸರು. ಮೂವತ್ತೊಂದು ವರ್ಷದಿಂದ ಅವನದು ಲಿಫ್ಟ್ ರಿಪೇರಿಯ ಕೆಲಸ. ಕಟ್ಟಡದ ನೆಲ, ಲಿಫ್ಟಿನ ನೆಲ ಇವೆರಡೂ ಕಣ್ಣಿಗೆ ಒಂದೇ ನೆಲವಾಗಿ ಕಾಣಬೇಕು, ನಡುವೆ ಕೂದಲೆಳೆ ಏರುಪೇರು ಇರಬಾರದು ಎಂಬುದು ಅವನ ಧರ್ಮ. ಅಂಗಿಯ ಜೇಬಿನಲ್ಲಿ ಬೇರೆಯವರು ಪೆನ್ನು ಇಟ್ಟರೆ ಇವನು ಗೇಣುದ್ದದ ರಸಮಟ್ಟ ಇಟ್ಟುಕೊಳ್ಳುತ್ತಿದ್ದ. ಯಾರ ಮನೆಗೆ ಹೋದರೂ ಕುಶಲ ಕೇಳುವ ಮೊದಲು ಅದನ್ನು ಟೀಪಾಯಿಯ ಮೇಲಿಟ್ಟು, ಒಳಗಿನ ಗುಳ್ಳೆ ನಡುವೆ ನಿಲ್ಲದಿದ್ದರೆ ಕಾಗದ ಮಡಚಿ ಕಾಲಿನಡಿ ತುರುಕುತ್ತಿದ್ದ. ಅಪೆಂಡಿಕ್ಸ್ ಆಪರೇಷನ್ ಆಗಿ ಪ್ರಜ್ಞೆ ಬಂದಾಗ ಅವನಾಡಿದ ಮೊದಲ ಮಾತು, "ಸಿಸ್ಟರ್, ಈ ಮಂಚದ ಎಡಗಾಲು ಗಿಡ್ಡ."

ಅವನ ಇನ್ನೊಂದು ವ್ರತ, ಲಿಫ್ಟಿನ ಗುಂಡಿಯನ್ನು ಯಾರೂ ಎರಡು ಸಲ ಒತ್ತಬಾರದು ಎಂಬುದು. "ಎರಡು ಸಲ ಒತ್ತಿದ್ರೆ ಎರಡು ಲಿಫ್ಟ್ ಬರುತ್ತಾ?" ಎಂದು ಕಂಡಕಂಡವರನ್ನು ಗದರುತ್ತಿದ್ದ. ಆಫೀಸಿನ ಹುಡುಗರು ಊಟದ ಬಿಡುವಿನಲ್ಲಿ ಮೊಬೈಲ್ ಆಟ ತೆರೆದರೆ ಸಾಕು, "ಬದುಕೋಕೆ ಬಂದಿದೀರೋ ಆಟ ಆಡೋಕೆ ಬಂದಿದೀರೋ?" ಎಂದು ಕೇಳುತ್ತಿದ್ದವನೂ ಅವನೇ. ಆದ್ದರಿಂದಲೇ ಐವತ್ನಾಲ್ಕರ ಇಳಿವಯಸ್ಸಿನಲ್ಲಿ ತನಗೆ ಈ ಇಳಿಸುವ ಹುಚ್ಚು ಹಿಡಿದದ್ದು ಹೊರಗೆ ಗೊತ್ತಾಗುವುದಕ್ಕಿಂತ ಒಂದು ಏಣಿಯ ಮಾನ ಹೋಗುವುದೇ ವಾಸಿ ಎನಿಸಿತ್ತು.

ಹುಚ್ಚು ಹಿಡಿಸಿದ್ದು ಮಗಳ ಕಂಪ್ಯೂಟರು. ಅವಳು ಹಾಸ್ಟೆಲ್ಲಿಗೆ ಹೋಗುವಾಗ ಅದನ್ನು ಮನೆಯಲ್ಲೇ ಬಿಟ್ಟಳು. ಧೂಳು ಒರೆಸಲು ಕೂತ ಅಪ್ಪ ಏಳಲಿಲ್ಲ. ಆ ಆಟದಲ್ಲಿ ಲೆಕ್ಕವಿಲ್ಲದಷ್ಟು ಗ್ರಹಗಳು. ಹಗುರ ಗ್ರಹಗಳಲ್ಲಿ ಯಾರು ಬೇಕಾದರೂ ಇಳಿಯಬಹುದು. ಭಾರದ ಗ್ರಹಗಳಲ್ಲಿ ಗಟ್ಟಿಗರೂ ನೆಲ ಕಚ್ಚುತ್ತಿದ್ದರು. ಕಾರಣ ಲೆವೆಲ್ಲಪ್ಪನಿಗೆ ಮೊದಲ ವಾರವೇ ಹೊಳೆಯಿತು. ನೌಕೆ ಒಂದಿಷ್ಟು ಓರೆಯಾದರೆ ಹೊಟ್ಟೆಯಡಿಯ ಎಂಜಿನ್ನಿನ ಬಲವೂ ಓರೆಯಾಗಿ ಪೋಲಾಗುತ್ತದೆ. ಗ್ರಹದ ಎಳೆತ ಮಾತ್ರ ನೆಟ್ಟಗೆ ಕೆಳಕ್ಕೇ ಎಳೆಯುತ್ತಿರುತ್ತದೆ. ಮಟ್ಟವಾಗಿದ್ದವನು ಉಳಿಯುತ್ತಾನೆ, ವಾಲಿದವನು ಬೂದಿಯಾಗುತ್ತಾನೆ. ಜೀವಮಾನವಿಡೀ ತಾನು ಹೇಳುತ್ತ ಬಂದದ್ದನ್ನು ಇಡೀ ಬ್ರಹ್ಮಾಂಡವೇ ಒಪ್ಪಿದಂತಾಯಿತು ಅವನಿಗೆ.

ನೆಲ ಹತ್ತಿರವಾದಾಗ ವೇಗ ಕಡಿಮೆ ಮಾಡುವುದನ್ನೂ ಅವನು ಲಿಫ್ಟಿನಿಂದಲೇ ತಂದ. ಲಿಫ್ಟು ಮಹಡಿ ಸಮೀಪಿಸುತ್ತಲೇ ತೆವಳತೊಡಗುತ್ತದಲ್ಲ, ಹಾಗೆ. ಕೊನೆಯ ಹತ್ತು ಮೀಟರಿನಲ್ಲಿ ನಿಂತು, ಉಸಿರು ಬಿಟ್ಟು, ಆಮೇಲೆ ತೆವಳು. ಈ ವಿದ್ಯೆಯ ಸುದ್ದಿ ಹಬ್ಬಿ, ಕಂಡರಿಯದ ಎಂಟು ಜನ ಅವನ ಶಿಷ್ಯರಾದರು. ಅವರಲ್ಲಿ ಒಬ್ಬರು ಹಲ್ಲಿನ ಡಾಕ್ಟರು, ಇನ್ನೊಬ್ಬರು ಭೂಗೋಳದ ಮೇಡಂ. ಪ್ರತಿ ಭಾನುವಾರ ಸಂಜೆ ಆರಕ್ಕೆ ಎಲ್ಲರೂ ಅವರವರ ಮನೆಯಿಂದಲೇ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದೇ ಆಕಾಶದಲ್ಲಿ ಸೇರುತ್ತಿದ್ದರು. ಅವನನ್ನು 'ಗುರುಗಳೇ' ಎನ್ನುತ್ತಿದ್ದರು. ಗುರುತ್ವ ಹೆಚ್ಚಿದಷ್ಟೂ ಗುರುವಿನ ತೂಕ ಹೆಚ್ಚುವುದು ಸಹಜ. ಅವನೂ ಅವರೆಲ್ಲರನ್ನು 'ನೀವು, ತಾವು' ಎಂದು ಗೌರವದಿಂದ ಮಾತಾಡಿಸುತ್ತಿದ್ದ. ಲಿಫ್ಟಿನ ಜಗತ್ತಿನಲ್ಲಿ ಆ ಅಭ್ಯಾಸ ಅವನಿಗಿರಲಿಲ್ಲ.

ಆ ಭಾನುವಾರದ ಗ್ರಹ ಭೂಮಿಯ ಏಳು ಪಟ್ಟು ಭಾರದ್ದು. ಎಂಟೂ ನೌಕೆಗಳು ನೆಲದಿಂದ ಎರಡು ಕಿಲೋಮೀಟರು ಮೇಲೆ ಸಾಲಾಗಿ ನಿಂತು ಗುರುವಿನ ಅಪ್ಪಣೆಗೆ ಕಾಯುತ್ತಿದ್ದಾಗ ಫೋನು ಬಂತು. ಐದು ಮಹಡಿಯ ಒಂದು ಹಳೆಯ ಕಟ್ಟಡದ ವಾಚ್‌ಮನ್. ಎಲ್ಲರೂ ಅವನನ್ನು ಗೇಟಣ್ಣ ಎನ್ನುತ್ತಿದ್ದರು.

"ಸಾರ್, ಲಿಫ್ಟು ನಾಲ್ಕನೇ ಮಹಡೀಲಿ ಎರಡು ಬೆರಳು ಕೆಳಗೇ ನಿಲ್ತಾ ಇದೆ. ಏನ್ಮಾಡ್ಲಿ?"

ಮಗಳು ಕೊಡಿಸಿದ್ದ ಹೆಡ್‌ಫೋನಿಗೆ ಒಂದು ಗುಂಡಿಯಿತ್ತು. ಒಮ್ಮೆ ಒತ್ತಿದರೆ ನಮ್ಮ ಮಾತು ಆಟದವರಿಗೆ ಕೇಳದೆ ಫೋನಿನವರಿಗೆ ಕೇಳುತ್ತದೆ. ಮತ್ತೊಮ್ಮೆ ಒತ್ತಿದರೆ ಮರಳಿ ಆಟದವರಿಗೆ. ನಮ್ಮ ಕಿವಿಗೆ ಮಾತ್ರ ಸದಾ ಎರಡೂ ಕಡೆಯ ಮಾತು. ಲೆವೆಲ್ಲಪ್ಪ ಪರದೆಯಿಂದ ಕಣ್ಣು ತೆಗೆಯದೆ ಆತುರಾತುರವಾಗಿ ಗುಂಡಿ ಒತ್ತಿ, ಖಡಕ್ಕಾಗಿ ಹೇಳಿದ: "ಪವರ್ ಆಫ್ ಮಾಡು. ಬೋರ್ಡು ತೂಗುಹಾಕು. ನಾನು ಹೇಳೋ ತನಕ ಯಾರೂ ಏನೂ ಮುಟ್ಬಾರ್ದು."

ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಪರದೆಯ ಮೇಲೆ ವಿಚಿತ್ರವೊಂದು ನಡೆಯಿತು. ಎಂಟೂ ನೌಕೆಗಳ ಎಂಜಿನ್ನು ಒಟ್ಟಿಗೇ ಆರಿ, ಎಂಟೂ ಮೂಟೆಗಳಂತೆ ಉದುರತೊಡಗಿದವು. ತಾನು ಅತ್ತ ತಿರುಗಿದ ಅರೆಗಳಿಗೆಯಲ್ಲಿ ಶಿಷ್ಯರು ಕಂಗಾಲಾದರೆಂದು ಬಗೆದ ಲೆವೆಲ್ಲಪ್ಪ ಗುಂಡಿ ಒತ್ತಿ, ದನಿ ಮೆತ್ತಗೆ ಮಾಡಿಕೊಂಡು ಧೈರ್ಯ ತುಂಬಿದ: "ಹೆದರ್ಬೇಡಿ. ನಿಲ್ಲಿಸ್ಬೇಡಿ, ಓಡ್ತಾ ಇರ್ಲಿ. ನಿಧಾನಕ್ಕೆ ಇಳಿಸಿ, ಏನೂ ಆಗಲ್ಲ. ನಾನಿದೀನಿ."

"ಸರಿ ಸಾರ್," ಎಂದಿತು ಕಿವಿಯಲ್ಲಿ ಯಾವುದೋ ದನಿ.

ಎಂಟೂ ನೌಕೆಗಳು ನೆಲಕ್ಕಪ್ಪಳಿಸಿ ಎಂಟು ಬೂದಿಗುಡ್ಡೆಗಳಾದವು. ಅವಮಾನದಿಂದ ಕಿವಿ ಬಿಸಿಯಾಗಿ, ಗುರು ಕಂಪ್ಯೂಟರಿನ ವಯರನ್ನೇ ಗೋಡೆಯಿಂದ ಕಿತ್ತ. ಲಿಫ್ಟಿನ ಚಿಂತೆ ಇರಲಿಲ್ಲ. ಆಫ್ ಮಾಡಲು ಹೇಳಿಯಾಗಿತ್ತಲ್ಲ, ಬೆಳಗ್ಗೆ ಹೋದರಾಯಿತು.

ಅದೇ ಸಂಜೆ ಏಳು ಗಂಟೆಗೆ ನಾಲ್ಕನೇ ಮಹಡಿಯ ಟೈಲರಮ್ಮ ಹೊಲಿಯಲು ತಂದ ಬಟ್ಟೆಗಳ ರಾಶಿಯನ್ನು ಗಲ್ಲದವರೆಗೆ ಹೊತ್ತುಕೊಂಡು ತನ್ನ ಮಹಡಿಯಲ್ಲಿ ಲಿಫ್ಟಿನಿಂದ ಹೊರಗೆ ಕಾಲಿಟ್ಟಳು. ಎರಡು ಬೆರಳಿನ ಮೆಟ್ಟಿಲು ಕಾಲ್ಬೆರಳಿಗೆ ತಗುಲಿತು. ಬಟ್ಟೆಗೆ ಏನೂ ಆಗಲಿಲ್ಲ. ಕತ್ತರಿ ಹಿಡಿಯುವ ಬಲಗೈಯ ಮಣಿಕಟ್ಟು ಮುರಿಯಿತು.

ಸೋಮವಾರ ಬೆಳಗ್ಗೆ ಕಟ್ಟಡದ ಬಾಗಿಲಲ್ಲೇ ನಿವಾಸಿಗಳ ಸಂಘದ ಸೆಕ್ರೆಟರಿ ಕಾದಿದ್ದರು. ನಿವೃತ್ತ ಹೆಡ್‌ಮಾಸ್ಟರು, ಇಡೀ ಕಟ್ಟಡವೇ ಅವರಿಗೊಂದು ತರಗತಿ. ಪಕ್ಕದಲ್ಲಿ ಗೇಟಣ್ಣ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಇವನು ನಿಮಗೆ ಫೋನ್ ಮಾಡಿದ್ನಂತೆ, ಹೌದಾ?"

"ಹೌದು ಸಾರ್. ಆಫ್ ಮಾಡು, ಬೋರ್ಡು ತೂಗುಹಾಕು ಅಂತ ಬಿಡಿಸಿ ಬಿಡಿಸಿ ಹೇಳಿದ್ದೆ."

ಗೇಟಣ್ಣ ಬೆಪ್ಪಾಗಿ ನೋಡಿದ. "ಇಲ್ಲ ಸಾರ್. ನಿಲ್ಲಿಸ್ಬೇಡಿ, ಓಡ್ತಾ ಇರ್ಲಿ ಅಂದ್ರಿ. ನಾನು ಸರಿ ಸಾರ್ ಅಂದೆ."

"ನಾನು? ಲಿಫ್ಟು ಮಟ್ಟ ತಪ್ಪಿದಾಗ ಓಡ್ತಾ ಇರ್ಲಿ ಅಂತ ನಾನು ಹೇಳ್ತೀನಾ?"

"ಹೆದರ್ಬೇಡಿ ಅಂತ್ಲೂ ಅಂದ್ರಿ ಸಾರ್. ಯಾವತ್ತೂ ಇಲ್ಲದ್ದು ಬಹುವಚನದಲ್ಲಿ ಮಾತಾಡಿದ್ರಿ. ಅದಕ್ಕೇ ನಂಬಿದೆ."

ಸುತ್ತ ನೆರೆದಿದ್ದವರು ನಕ್ಕರು. ಮೂವತ್ತೊಂದು ವರ್ಷದ ಹೆಸರನ್ನು ಹೀಗೆ ಹತ್ತು ಜನರ ಮುಂದೆ ಒಬ್ಬ ವಾಚ್‌ಮನ್ ಎಳೆದಾಡುವುದನ್ನು ಕಂಡು ಲೆವೆಲ್ಲಪ್ಪನಿಗೆ ಪಿತ್ತ ನೆತ್ತಿಗೇರಿತು. "ಕುಡಿದಿದ್ಯೇನೋ?" ಎಂದು ಕೇಳಿದ.

ಗೇಟಣ್ಣ ಟೋಪಿಯನ್ನೇ ನೋಡುತ್ತ ನಿಂತ. ಅವನು ಕುಡಿಯುವವನಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ಲೆವೆಲ್ಲಪ್ಪ ಸುಳ್ಳು ಹೇಳುವವನಲ್ಲವೆಂಬುದು ಅದಕ್ಕಿಂತ ಹೆಚ್ಚು ಗೊತ್ತಿತ್ತು. ಗುರುವಾರ ಸಂಜೆ ಸಭೆ ಸೇರಿ ಗೇಟಣ್ಣನನ್ನು ಕೆಲಸದಿಂದ ತೆಗೆಯುವುದೆಂದು ಮಾತಾಯಿತು. ಗೇಟಿನ ಪಕ್ಕದ ಒಂದು ಕೋಣೆಯೇ ಅವನ ಮನೆ. ಕೆಲಸ ಹೋದರೆ ಸೂರೂ ಹೋದಂತೆ.

ಬುಧವಾರ ಸಂಜೆಯವರೆಗೂ ಲೆವೆಲ್ಲಪ್ಪ ಕಂಪ್ಯೂಟರಿನ ಕಡೆ ತಲೆ ಹಾಕಲಿಲ್ಲ.

"ಮೂರು ದಿನದಿಂದ ಭೂಮಿಮೇಲೇ ಇದೀರಲ್ಲ, ಮೈ ಹುಷಾರಿಲ್ವಾ?" ಎಂದಳು ಹೆಂಡತಿ.

"ಎಂಟು ಜನರನ್ನ ಕೊಂದಿದೀನಿ ಕಣೇ. ಯಾವ ಮುಖ ಹೊತ್ತು ಹೋಗ್ಲಿ?"

"ಹೋಗಿ ಒಂದು ಸಾರಿ ಕೇಳಿ ಬನ್ನಿ. ಸತ್ತೋರೇನು ಹೊಡೀತಾರಾ?"

ಅವನು ವಯರು ಸಿಕ್ಕಿಸಿ, ಹೆಡ್‌ಫೋನ್ ಏರಿಸಿ, ತೊದಲುತ್ತ ಕ್ಷಮೆ ಕೇಳಿದ. ಶಿಷ್ಯರು ಒಳ್ಳೆಯವರು. ಭಾನುವಾರಕ್ಕೆ ಕಾಯದೆ ಹೊಸ ನೌಕೆಗಳಲ್ಲಿ ಆಗಲೇ ಹಾರಾಡುತ್ತಿದ್ದರು.

"ಇರ್ಲಿ ಬಿಡಿ ಗುರುಗಳೇ, ಅದೇನೋ ಹೊಸ ಪಾಠ ಅಂದ್ಕೊಂಡ್ವಿ," ಎಂದರು ಹಲ್ಲಿನ ಡಾಕ್ಟರು. "ಪವರ್ ಆಫ್ ಮಾಡು ಅಂದ್ರಿ, ಮಾಡಿದ್ವಿ. ಯಾರೂ ಏನೂ ಮುಟ್ಬಾರ್ದು ಅಂದ್ರಿ, ಸಾಯೋ ತನಕ ಮುಟ್ಲಿಲ್ಲ. ಆದ್ರೆ ಆ ಬೋರ್ಡು ಯಾವುದು ಅಂತ ಗೊತ್ತಾಗ್ಲಿಲ್ಲ. ಬೀಳ್ತಾ ಬೀಳ್ತಾ ಎಲ್ಲಾ ಕಡೆ ಹುಡುಕಿದೆ."

"ನೀವು ನಮ್ಮನ್ನ ಏಕವಚನದಲ್ಲಿ ಕರೆದಿದ್ದೂ ಅದೇ ಮೊದಲು," ಎಂದರು ಭೂಗೋಳದ ಮೇಡಂ. "ಪರಿಸ್ಥಿತಿ ಗಂಭೀರ ಇರ್ಬೇಕು ಅಂದ್ಕೊಂಡೆ."

ಲೆವೆಲ್ಲಪ್ಪನ ಕೈ ತಾನಾಗಿ ಹೆಡ್‌ಫೋನಿನ ಗುಂಡಿಯ ಮೇಲೆ ಹೋಯಿತು. ಹೆಬ್ಬೆರಳಿಗೆ ನೆನಪಿತ್ತು. ಆವತ್ತು ಆತುರದಲ್ಲಿ ಟಕ್ ಟಕ್ ಎಂದು ಎರಡು ಸಲ ಒತ್ತಿದ್ದ. ಮಾತು ಫೋನಿಗೆ ಹೋಗಿ, ಮರುಗಳಿಗೆಯಲ್ಲೇ ಮರಳಿ ಆಟಕ್ಕೆ ಬಂದಿತ್ತು. ಗೇಟಣ್ಣನಿಗೆ ಹೇಳಿದ್ದನ್ನು ಶಿಷ್ಯರು ಕೇಳಿ ಸತ್ತರು. ಆಮೇಲೆ ಮೂರನೆಯ ಸಲ ಒತ್ತಿ ಶಿಷ್ಯರಿಗೆ ಹೇಳಿದ ಸಮಾಧಾನವನ್ನು ಗೇಟಣ್ಣ ಕೇಳಿ ನಂಬಿದ. ಕಿವಿಯಲ್ಲಿ 'ಸರಿ ಸಾರ್' ಎಂದ ದನಿ ಯಾರದ್ದೆಂದು ಈಗ ಸ್ಪಷ್ಟವಾಗಿ ನೆನಪಾಯಿತು.

ಮೂವತ್ತೊಂದು ವರ್ಷದಲ್ಲಿ ಎಷ್ಟು ಜನರನ್ನು ಆ ಒಂದು ವಿಷಯಕ್ಕೆ ಬೈದಿದ್ದನೋ ಅವರೆಲ್ಲರೂ ಸಾಲಾಗಿ ಬಂದು ಅವನ ಮುಂದೆ ನಿಂತಂತಾಯಿತು. ಅದಕ್ಕಿಂತಲೂ ಹೆಚ್ಚು ಇರಿದದ್ದು ಇನ್ನೊಂದು. ಆಕಾಶದಲ್ಲಿರುವ, ಮುಖ ಸಹ ನೋಡದ ಜನರಿಗೆ 'ಹೆದರಬೇಡಿ' ಎನ್ನುವ ಬಾಯಿಗೆ, ಹತ್ತು ವರ್ಷದಿಂದ ಗೇಟು ತೆರೆದು ಸಲಾಮು ಹೊಡೆಯುವವನಿಗೆ ಅಂಥದ್ದೊಂದು ಮಾತು ಒಮ್ಮೆಯೂ ಬಂದಿರಲಿಲ್ಲ. ಬಂದದ್ದೂ ದಾರಿ ತಪ್ಪಿ.

ಹೆಂಡತಿಗೆ ಎಲ್ಲ ಹೇಳಿದ. ಅವಳು ಒಗೆದ ಬಟ್ಟೆ ಮಡಚುತ್ತ ಕೇಳಿದಳು.

"ಒಂದು ಕೆಲ್ಸ ಮಾಡ್ತೀನಿ," ಎಂದ ಕೊನೆಗೆ. "ನೆಟ್‌ವರ್ಕ್ ಸರಿ ಇರ್ಲಿಲ್ಲ, ಅರ್ಧ ಮಾತು ಕಟ್ಟಾಗಿ ಅವನಿಗೆ ತಪ್ಪಾಗಿ ಕೇಳಿಸಿರ್ಬೇಕು ಅಂತೀನಿ. ಅವನ ಕೆಲ್ಸ ಉಳಿಯುತ್ತೆ, ಆಟದ ವಿಷ್ಯ ಯಾಕೆ ಎತ್ಬೇಕು?"

"ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ," ಎಂದಳು ಹೆಂಡತಿ. "ಹಾಗೇ ಹೇಳಿ. ಆದ್ರೆ ಕುಡಿದಿದ್ಯೇನೋ ಅಂತ ಕೇಳಿದ್ರಲ್ಲ, ಅದೂ ನೆಟ್‌ವರ್ಕಾ?"

ಕೊನೆಯ ಅಂಗಿಯನ್ನು ಮಡಚಿ ಅವನ ಮಡಿಲಿಗೆ ಹಾಕಿ ಅವಳು ಒಳಗೆ ಹೋದಳು.

ಗುರುವಾರ ಗುರುವೇ ಲಘುವಾಗುವ ದಿನ. ಸಭೆ ಆರು ಗಂಟೆಗೆ, ಕಟ್ಟಡದ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ. ಲೆವೆಲ್ಲಪ್ಪ ಹತ್ತು ನಿಮಿಷ ತಡವಾಗಿ ಬಂದ. ಇಪ್ಪತ್ತು ಕುರ್ಚಿ, ಒಂದು ಮೇಜು, ಮೇಜಿನ ಮೇಲೆ ಗೇಟಣ್ಣ ಆಗಲೇ ಒಪ್ಪಿಸಿದ್ದ ಕೀಲಿಗೊಂಚಲು. ಮೊದಲ ಸಾಲಿನಲ್ಲಿ ಟೈಲರಮ್ಮ, ಬಲಗೈಗೆ ಬಿಳಿ ಪ್ಲಾಸ್ಟರು. ಮೇಜು ಎಡಕ್ಕೆ ವಾಲಿತ್ತು. ಜೀವನದಲ್ಲಿ ಮೊದಲ ಸಲ ಅವನಿಗೆ ಅದು ಕಾಣಲಿಲ್ಲ.

"ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ," ಎಂದು ಸೆಕ್ರೆಟರಿ ಶುರುಮಾಡಿದರು.

"ಗೊತ್ತಿಲ್ಲ ಸಾರ್," ಎಂದು ಲೆವೆಲ್ಲಪ್ಪ ಎದ್ದು ನಿಂತ. "ಗೇಟಣ್ಣ ಹೇಳಿದ್ದೇ ನಿಜ. ನಿಲ್ಲಿಸ್ಬೇಡಿ ಅಂತ ಅವನ ಕಿವಿಗೆ ಹೇಳಿದ್ದು ನಾನೇ. ಬೇರೆಯೋರಿಗೆ ಹೇಳಿದ್ದು ಇವನಿಗೆ ಹೋಯ್ತು, ಇವನಿಗೆ ಹೇಳಿದ್ದು ಬೇರೆಯೋರಿಗೆ ಹೋಯ್ತು."

ಸೆಕ್ರೆಟರಿ ಕನ್ನಡಕ ತೆಗೆದರು. ಒಳ್ಳೆಯ ಮೇಷ್ಟರು ತಾವೇ ಉತ್ತರದ ಸುಳಿವು ಕೊಡುತ್ತಾರಲ್ಲ, ಹಾಗೆ ಕೇಳಿದರು. "ಅಂದ್ರೆ ಆ ಹೊತ್ತಿಗೆ ನೀವು ಬೇರೆ ಕಟ್ಟಡದಲ್ಲಿ ಡ್ಯೂಟಿಲಿದ್ರಿ. ಅಲ್ಲಿಯೋರ ಜೊತೆ ಮಾತಾಡ್ತಾ ಗೊಂದಲ ಆಯ್ತು. ಅಷ್ಟೇ ತಾನೆ?"

ಹೌದು ಎಂದರೆ ಮುಗಿದಿತ್ತು. ಬಾಗಿಲು ತೆರೆದು ನಿಂತ ಲಿಫ್ಟಿನಂಥ ಪ್ರಶ್ನೆ, ಒಳಗೆ ಕಾಲಿಟ್ಟರೆ ಸಾಕು. ಲೆವೆಲ್ಲಪ್ಪ ಗೇಟಣ್ಣನ ಕಡೆ ನೋಡಿದ. ಗೇಟಣ್ಣ ಟೋಪಿ ಹಾಕಿರಲಿಲ್ಲ. ಟೋಪಿಯೂ ಮೇಜಿನ ಮೇಲೆ ಕೀಲಿಯ ಪಕ್ಕದಲ್ಲೇ ಇತ್ತು.

"ಇಲ್ಲ ಸಾರ್," ಎಂದ. "ಬೇರೆ ಗ್ರಹದಲ್ಲಿದ್ದೆ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಬೇಕಾಯಿತು. ಕಂಪ್ಯೂಟರು, ಆಕಾಶನೌಕೆ, ಭಾರದ ಗ್ರಹ, ಎಂಟು ಜನ ಶಿಷ್ಯರು, ಹೆಡ್‌ಫೋನಿನ ಗುಂಡಿ. ಎರಡು ಸಲ ಒತ್ತಿದ್ದನ್ನು ಹೇಳುವಾಗ ದನಿ ಇಳಿದುಹೋಗಿ ಹಿಂದಿನ ಸಾಲಿನವರು "ಕೇಳಿಸ್ತಿಲ್ಲ, ಜೋರಾಗಿ" ಎಂದರು. ಜೋರಾಗಿ ಇನ್ನೊಮ್ಮೆ ಹೇಳಿದ. ಆಗ ಶುರುವಾದ ನಗು ಸಾಲಿನಿಂದ ಸಾಲಿಗೆ ಹಬ್ಬಿತು.

"ಯಾವ ಗ್ರಹ ಸಾರ್ ಅದು?" ಎಂದು ಯಾರೋ ಕೇಳಿದರು.

"ಹೆಸರಿಲ್ಲ. ನಂಬರಿದೆ."

"ಅಲ್ಲಿ ಲಿಫ್ಟ್ ಇದ್ಯಾ?"

ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವನಿಗೆ. ಈ ಭೂಮಿಗೆ ಅಷ್ಟು ಎಳೆತವಿರಲಿಲ್ಲ. ಎರಡು ಹೆಜ್ಜೆ ಇಟ್ಟು ಗೇಟಣ್ಣನ ಮುಂದೆ ನಿಂತ. "ನೀನು... ನೀವು ಕುಡಿದಿದೀರಾ ಅಂತ ನಾನು ಕೇಳಬಾರದಿತ್ತು. ಅದೂ ಎಲ್ಲರ ಮುಂದೆ. ತಪ್ಪಾಯ್ತು."

ಗೇಟಣ್ಣ ಒಂದು ಹೆಜ್ಜೆ ಹಿಂದೆ ಸರಿದ. "ನೀನು ಅಂತ್ಲೇ ಅನ್ನಿ ಸಾರ್. ನೀವು ಅಂದ್ರೆ ಈಗ ಕೈಕಾಲು ನಡುಗುತ್ತೆ."

ಈ ಸಲದ ನಗುವಿನಲ್ಲಿ ಗೇಟಣ್ಣನೂ ಸೇರಿದ. ಸೆಕ್ರೆಟರಿ ಕೀಲಿಗೊಂಚಲನ್ನು ಮೇಜಿನ ಮೇಲೆ ಅವನ ಕಡೆ ತಳ್ಳಿದರು. ಟೋಪಿಯನ್ನು ಅವನೇ ಎತ್ತಿ ತಲೆಗೆ ಹಾಕಿಕೊಂಡ.

ನಗದೆ ಕೂತಿದ್ದವಳು ಟೈಲರಮ್ಮ ಒಬ್ಬಳೇ. ಲೆವೆಲ್ಲಪ್ಪ ಅವಳ ಕಡೆ ತಿರುಗಿದ.

"ಆರು ವಾರ ಕತ್ತರಿ ಮುಟ್ಟೋ ಹಾಗಿಲ್ಲ ಅಂದಿದಾರೆ," ಎಂದಳು ಅವಳು. "ತಲೆ ಬಾಚ್ಕೊಳ್ಳೋಕೂ ಪಕ್ಕದ ಮನೆಯೋಳನ್ನ ಕರೀಬೇಕು. ಗೊತ್ತಾಯ್ತಾ?"

"ಗೊತ್ತಾಯ್ತಮ್ಮ."

"ಈ ವಯಸ್ಸಲ್ಲಿ ಗಂಡಸರು ಕುಡೀತಾರೆ, ಇಸ್ಪೀಟ್ ಆಡ್ತಾರೆ, ಅದು ಕೇಳಿದೀನಿ. ಗ್ರಹದ ಮೇಲೆ ಇಳೀತಾರೆ ಅಂತ ಇವತ್ತೇ ಕೇಳಿದ್ದು."

ಅವನು ತಲೆ ತಗ್ಗಿಸಿದ. ಅವಳ ಬಿಗಿದ ಮುಖ ಒಂದಿಷ್ಟು ಸಡಿಲವಾಯಿತು.

"ಹೋಗ್ಲಿ ಬಿಡಿ. ನೆಟ್‌ವರ್ಕು ಅದು ಇದು ಅಂತ ಜಾರ್ಕೋಬಹುದಿತ್ತು, ನೀವು ಜಾರ್ಕೊಳ್ಲಿಲ್ಲ. ಇಷ್ಟು ಜನರ ಮುಂದೆ ನಿಂತು ಹೇಳಿದ್ರಿ. ಅಷ್ಟು ಸಾಕು ನನಗೆ."

ಸಭೆ ತಲೆದೂಗಿತು. ಯಾರೋ ಹಿಂದಿನಿಂದ "ದೊಡ್ಡತನ" ಎಂದರು. ಸೆಕ್ರೆಟರಿ ನಡಾವಳಿಯ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಒಂದು ಒಳ್ಳೆಯ ವಾಕ್ಯ ಬರೆಯಲು ಅಣಿಯಾದರು. ಗೇಟಣ್ಣ ಕೂಡ ಹೆಮ್ಮೆಯಿಂದ ನೋಡುತ್ತಿದ್ದ.

"ಅಂತೂ ಆ ಹಾಳು ಆಟ ಬಿಟ್ರಲ್ಲ, ಅಷ್ಟಾದ್ರೂ ಆಯ್ತು," ಎಂದಳು ಟೈಲರಮ್ಮ. "ಬಿಟ್ಟಿದೀರಿ ತಾನೆ?"

ಲೆವೆಲ್ಲಪ್ಪ ತನ್ನ ಚಪ್ಪಲಿ ನೋಡಿಕೊಂಡ.

"ಇಲ್ಲಮ್ಮ," ಎಂದ. "ಈಗ ಇಲ್ಲಿಗೆ ಬರೋ ಮುಂಚೆ ಒಂದ್ಸಲ ಇಳಿಸೇ ಬಂದೆ."